ಬಳ್ಳಾರಿ ರಾಘವ

ಮಕ್ಕಳೇ, ಆದೋನಿ, ಆಲೂರು, ರಾಯದುರ್ಗ ಎಂಬ ಊರುಗಳ ಹೆಸರನ್ನು ನೀವು ಕೇಳಿದ್ದೀರಿ. ನಿಮ್ಮಲ್ಲಿ ಕೆಲವರು ಆ ಊರಿನವರೇ ಆಗಿರಬಹುದು. ಇವು ಈಗ ಆಂಧ್ರಪ್ರದೇಶದಲ್ಲಿವೆ. ಬಳ್ಳಾರಿ ಕರ್ನಾಟಕದಲ್ಲಿದೆ. ಆದರೆ 1953ರ ಅಕ್ಟೋಬರ್ 1ರವರೆಗೆ ಈ ಮೂರು ತಾಲ್ಲೂಕುಗಳೂ ಬಳ್ಳಾರಿ ಜಿಲ್ಲೆಗೇ ಸೇರಿದ್ದವು. ಕೋರ್ಟು, ಕಚೇರಿ ಕೆಲಸಗಳಿಗೆ ಜನರು ಬಳ್ಳಾರಿಗೆ ಹೋಗುತ್ತಿದ್ದರು. ಆ ಪಟ್ಟಣದಲ್ಲಿ ಕನ್ನಡ, ತೆಲುಗು ಎರಡೂ ಮಾತುಗಳು ಜೊತೆಜೊತೆಯಾಗಿ ಕೇಳಿಬರುತ್ತಿದ್ದವು. ಅಂಥ ಊರಿನಲ್ಲಿ ಬೆಳೆದು ದೇಶದಲ್ಲೆಲ್ಲ ಹೆಸರಾದ ಒಬ್ಬ ನಟರಿದ್ದರು. ಅವರೇ ಬಳ್ಳಾರಿ ರಾಘವ. ಬನ್ನಿ, ಅವರ ಜೀವನವನ್ನು ತಿಳಿಯೋಣ.

ರಾಘವರ ಪೂರ್ಣ ಹೆಸರು ತಾಡಪತ್ರಿ ರಾಘವಾಚಾರ್ಯ. ಅವರು 1880ರ ಆಗಸ್ಟ್ 2ರಂದು ತಾಡಪತ್ರಿಯಲ್ಲಿ ಜನಿಸಿದರು. ತಂದೆ ನರಸಿಂಹಾಚಾರ್ಯರು, ತಾಯಿ ಶೇಷಮ್ಮ. ಆಗ ತಾಡಪತ್ರಿಯೂ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಎರಡು ವರ್ಷಗಳ ಮೇಲೆ, 1882ರಲ್ಲಿ, ಅನಂತಪುರ ಬೇರೆ ಜಿಲ್ಲೆಯಾಯಿತು.

ರಾಘವರಿಗೆ ನಾಟಕದ ಹುಚ್ಚು ಹತ್ತಿದ್ದು ಹೇಗೆ ಗೊತ್ತೇ? ಅವರ ಸೋದರಮಾವ ಧರ್ಮವರಂ ರಾಮಕೃಷ್ಣಾಚಾರ್ಯರು ಬಳ್ಳಾರಿಯಲ್ಲಿ ವಕೀಲರಾಗಿದ್ದರು. ಅವರು ನಾಟಕಗಳನ್ನು ಬರೆಯುತ್ತಿದ್ದರು, ಆಡಿಸುತ್ತಿದ್ದರು, ತಾವೂ ಪಾತ್ರ ವಹಿಸುತ್ತಿದ್ದರು. ಊರಿನ ಕಲಾಭಿಮಾನಿಗಳನ್ನು ಸೇರಿಸಿ 'ಸರಸ ವಿನೋದಿನೀ ಸಭಾ' ಎಂಬ ಸಂಘವನ್ನು ಕಟ್ಟಿದರು. ತೆಲುಗಿನ ಜನರು ಅವರನ್ನು ಆಂಧ್ರ ನಾಟಕ ಪಿತಾಮಹರೆಂದು ಗೌರವಿಸುತ್ತಾರೆ. ಅದೇ ಊರಿನಲ್ಲಿ ಕೋಲಾಚಲಂ ಶ್ರೀನಿವಾಸರಾಯರು 'ಸುಮನೋರಮಾ ಸಭಾ' ಎಂಬ ಇನ್ನೊಂದು ಸಂಘವನ್ನು ನಡೆಸುತ್ತಿದ್ದರು. ಅವರೂ ವಕೀಲರೇ! ಹಗಲು ಕೋರ್ಟಿನಲ್ಲಿ ವಾದ, ರಾತ್ರಿ ರಂಗದ ಮೇಲೆ ನಾಟಕ. ಬಾಲಕ ರಾಘವ ಇದನ್ನೆಲ್ಲ ನೋಡುತ್ತಾ ಬೆಳೆದರು.

ನಾಟಕದ ಆಸೆಯಿಂದ ಅವರು ಓದನ್ನು ಬಿಡಲಿಲ್ಲ. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿ ಪದವಿ ಪಡೆದರು. ಆಮೇಲೆ ಕಾನೂನು ಕಲಿತರು. ಬಳ್ಳಾರಿಗೆ ಹಿಂತಿರುಗಿ ವಕೀಲರಾದರು. ಬಹು ಬೇಗ ಒಳ್ಳೆಯ ಹೆಸರು ಗಳಿಸಿ ಸರ್ಕಾರಿ ವಕೀಲರೂ ಆದರು.

ಆ ಕಾಲದಲ್ಲಿ ನಾಟಕದವರೆಂದರೆ ಜನರಿಗೆ ಅಷ್ಟು ಗೌರವವಿರಲಿಲ್ಲ. ಓದಿದವರು ಬಣ್ಣ ಹಚ್ಚಿಕೊಂಡು ಕುಣಿಯುವುದೇ ಎಂದು ಮೂಗು ಮುರಿಯುವವರಿದ್ದರು. ರಾಘವರು ಅದಕ್ಕೆ ಅಂಜಲಿಲ್ಲ. ವಕೀಲಿಯಿಂದ ಜೀವನ ನಡೆಸಿದರು. ನಾಟಕವನ್ನು ಸಂಪಾದನೆಯ ದಾರಿಯಾಗಿ ಮಾಡಿಕೊಳ್ಳಲಿಲ್ಲ. ಎಷ್ಟೋ ಒಳ್ಳೆಯ ಕೆಲಸಗಳ ಸಹಾಯಕ್ಕಾಗಿ ಅವರು ನಾಟಕವಾಡಿದರು.

ಅವರ ಅಭಿನಯದಲ್ಲಿ ಅಂಥ ವಿಶೇಷ ಏನಿತ್ತು? ಆಗಿನ ನಾಟಕಗಳಲ್ಲಿ ಹಾಡಿಗೆ ಕೊನೆಯೇ ಇರಲಿಲ್ಲ. ನಟರು ಒಂದೊಂದು ಪದ್ಯವನ್ನೂ ರಾಗವೆಳೆದು ಬಹಳ ಹೊತ್ತು ಹಾಡುತ್ತಿದ್ದರು. ಜನರು 'ಒನ್ಸ್ ಮೋರ್' ಎಂದು ಕೂಗಿದರೆ ಮತ್ತೆ ಹಾಡಬೇಕು. ಅಳುವ ಪಾತ್ರವಾದರೂ ಸರಿ, ಸಾಯುವ ಪಾತ್ರವಾದರೂ ಸರಿ! ಮಕ್ಕಳೇ, ನಿಜವಾಗಿ ದುಃಖದಲ್ಲಿರುವವರು ಹೀಗೆ ರಾಗವೆಳೆಯುತ್ತಾರೆಯೇ? ರಾಘವರಿಗೆ ಇದು ಸರಿಕಾಣಲಿಲ್ಲ. ಅವರು ಹಾಡನ್ನು ಕಡಿಮೆ ಮಾಡಿದರು. ಮುಖದ ಭಾವ, ಕಣ್ಣಿನ ನೋಟ, ಧ್ವನಿಯ ಏರಿಳಿತ ಇವುಗಳಿಂದಲೇ ಪಾತ್ರಕ್ಕೆ ಜೀವ ತುಂಬಿದರು. ಹರಿಶ್ಚಂದ್ರ, ದುರ್ಯೋಧನ, ಹಿರಣ್ಯಕಶಿಪು, ಚಾಣಕ್ಯ ಮೊದಲಾದ ಪಾತ್ರಗಳಿಂದ ಹೆಸರಾದರು. ಕೋಲಾಚಲಂ ಶ್ರೀನಿವಾಸರಾಯರು ವಿಜಯನಗರದ ಪತನವನ್ನು ಕುರಿತು ಬರೆದ ನಾಟಕದಲ್ಲಿ ರಾಘವರ ಪಠಾಣ್ ರುಸ್ತುಂ ಪಾತ್ರ ಜನಮೆಚ್ಚುಗೆ ಪಡೆಯಿತು.

ರಾಘವರು ಒಂದೇ ಭಾಷೆಯ ನಟರಲ್ಲ. ತೆಲುಗು, ಕನ್ನಡ, ಹಿಂದಿ, ಇಂಗ್ಲಿಷ್ ನಾಟಕಗಳಲ್ಲಿ ಪಾತ್ರ ವಹಿಸಿದರು. ಶೇಕ್ಸ್‌ಪಿಯರನ ನಾಟಕಗಳೆಂದರೆ ಅವರಿಗೆ ಬಹಳ ಇಷ್ಟ. 1927ರಲ್ಲಿ ಮಹಾತ್ಮ ಗಾಂಧೀಜಿಯವರು ಆರೋಗ್ಯ ಸುಧಾರಿಸಿಕೊಳ್ಳಲು ನಂದಿಬೆಟ್ಟದಲ್ಲಿ ತಂಗಿದ್ದರು. ಆಗ ರಾಘವರು ಅವರ ಮುಂದೆ 'ದೀನಬಂಧು ಕಬೀರ' ಎಂಬ ಹಿಂದಿ ನಾಟಕವನ್ನು ಆಡಿದರು. ಗಾಂಧೀಜಿಯವರು ನಾಟಕವನ್ನು ನೋಡಿ ಸಂತೋಷಪಟ್ಟರು. ಮುಂದೆ ರಾಘವರು ಇಂಗ್ಲೆಂಡಿಗೂ ಹೋಗಿ ಅಲ್ಲಿಯ ರಂಗಭೂಮಿಯನ್ನು ಕಂಡುಬಂದರು.

ಅವರು ಮಾಡಿದ ಇನ್ನೊಂದು ದೊಡ್ಡ ಕೆಲಸವಿದೆ. ಆಗ ನಾಟಕಗಳಲ್ಲಿ ಸೀತೆಯಾಗಲಿ, ದ್ರೌಪದಿಯಾಗಲಿ, ಗಂಡಸರೇ ಸೀರೆಯುಟ್ಟು ಬರುತ್ತಿದ್ದುದು ಸಾಮಾನ್ಯವಾಗಿತ್ತು. ಹೆಣ್ಣಿನ ಪಾತ್ರವನ್ನು ಹೆಂಗಸರೇ ಮಾಡಬೇಕು, ಓದಿದ ಹೆಣ್ಣುಮಕ್ಕಳೂ ರಂಗಕ್ಕೆ ಬರಬೇಕು ಎಂಬುದು ರಾಘವರ ಹಟ. ಹಲವರು ಇದನ್ನು ವಿರೋಧಿಸಿದರು. ರಾಘವರು ಹಿಂಜರಿಯಲಿಲ್ಲ. ಪಿ. ವಿ. ರಾಜಮನ್ನಾರ್ ಅವರು ಬರೆದ 'ತಪ್ಪೆವರಿದಿ' ಎಂಬ ತೆಲುಗು ನಾಟಕವನ್ನು ರಂಗಕ್ಕೆ ತಂದರು. ಆ ಹೆಸರಿಗೆ 'ತಪ್ಪು ಯಾರದು' ಎಂದು ಅರ್ಥ. ದೇವರು, ರಾಜರ ಕಥೆಯನ್ನು ಬಿಟ್ಟು ನಮ್ಮ ನಿಮ್ಮಂಥವರ ಮನೆಯ ಕಷ್ಟಸುಖವನ್ನು ತೋರಿಸಿದ ನಾಟಕ ಅದು. ಕೊಮ್ಮೂರಿ ಪದ್ಮಾವತೀದೇವಿಯವರಂಥ ಮಹಿಳೆಯರು ರಾಘವರ ಜೊತೆ ಪಾತ್ರ ವಹಿಸಿದರು. ಮುಂದೆ ಬಂದ ಎಷ್ಟೋ ನಟಿಯರಿಗೆ ಇದರಿಂದ ದಾರಿಯಾಯಿತು.

ಸಿನಿಮಾ ಬಂದಾಗ ರಾಘವರು ಅದರಲ್ಲಿಯೂ ಅಭಿನಯಿಸಿದರು. 1936ರ 'ದ್ರೌಪದೀ ಮಾನಸಂರಕ್ಷಣಂ' ಚಿತ್ರದಲ್ಲಿ ದುರ್ಯೋಧನರಾದರು. 1939ರಲ್ಲಿ ತೆರೆಕಂಡ 'ರೈತು ಬಿಡ್ಡ' ಚಿತ್ರ ಬಡ ರೈತರ ಗೋಳನ್ನು ಹೇಳುತ್ತದೆ. ಅದರಲ್ಲಿ ರಾಘವರದು ಜಮೀನ್ದಾರನ ಪಾತ್ರ. ಜಮೀನ್ದಾರರಿಗೆ ಆ ಚಿತ್ರದ ಮೇಲೆ ಕೋಪ ಬಂದು ಕೆಲವು ಕಡೆ ಪ್ರದರ್ಶನವನ್ನೇ ನಿಲ್ಲಿಸಲಾಯಿತು. ಆದರೂ ರಾಘವರ ಮನಸ್ಸು ನಾಟಕದ ಕಡೆಗೇ ಇತ್ತು.

1946ರ ಏಪ್ರಿಲ್ 16ರಂದು ರಾಘವರು ನಿಧನರಾದರು. ಅವರ ನೆನಪಿಗಾಗಿ ಬಳ್ಳಾರಿಯಲ್ಲಿ ರಾಘವ ಕಲಾಮಂದಿರವನ್ನು ಕಟ್ಟಲಾಗಿದೆ. 1981ರಲ್ಲಿ ಭಾರತ ಸರ್ಕಾರ ಅವರ ಅಂಚೆಚೀಟಿಯನ್ನು ಹೊರಡಿಸಿತು.

ಮಕ್ಕಳೇ, ರಾಘವರು ತೀರಿಕೊಂಡ ಏಳು ವರ್ಷಗಳ ಮೇಲೆ ಅವರ ಜಿಲ್ಲೆ ಎರಡು ರಾಜ್ಯಗಳಿಗೆ ಹಂಚಿಹೋಯಿತು. ಅವರು ಹುಟ್ಟಿದ ತಾಡಪತ್ರಿ ಆಂಧ್ರದಲ್ಲಿ ಉಳಿಯಿತು, ಬೆಳೆದ ಬಳ್ಳಾರಿ ಕನ್ನಡನಾಡಿಗೆ ಸೇರಿತು. ಆದರೆ ರಾಘವರನ್ನು ಯಾರೂ ಹಂಚಿಕೊಳ್ಳಲಿಲ್ಲ. ಇಂದಿಗೂ ಎರಡು ನಾಡಿನವರೂ ಅವರನ್ನು ನಮ್ಮವರು ಎನ್ನುತ್ತಾರೆ. ನೀವೂ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಮಾತಾಡುವವರಲ್ಲವೇ? ಎರಡು ಭಾಷೆ ತಿಳಿದವರಿಗೆ ಎರಡು ಮನೆಗಳ ಬಾಗಿಲು ತೆರೆದಿರುತ್ತದೆ. ಶಾಲೆಯ ವಾರ್ಷಿಕೋತ್ಸವದಲ್ಲಿ ನಿಮಗೊಂದು ಚಿಕ್ಕ ಪಾತ್ರ ಸಿಕ್ಕರೆ ಅಂಜಬೇಡಿ, ನಾಚಬೇಡಿ. ಮಾತನ್ನು ಬಾಯಿಪಾಠ ಮಾಡಿ ಒಪ್ಪಿಸಿದರೆ ಸಾಲದು. ಆ ಪಾತ್ರದ ಸುಖದುಃಖ ಏನೆಂದು ಮೊದಲು ಯೋಚಿಸಿರಿ. ಬಳ್ಳಾರಿ ರಾಘವರು ಮಾಡಿದ್ದು ಅದನ್ನೇ.