ಫ್ಲಾರೆನ್ಸ್ ನೈಟಿಂಗೇಲಳೂ ರೋಗಿಯೊಡನೆ ಆಡುವ ಮಾತೂ

ಫ್ಲಾರೆನ್ಸ್ ನೈಟಿಂಗೇಲಳ ಹೆಸರನ್ನು ಕೇಳದ ಬಾಲಿಕೆಯು ನಮ್ಮ ಶಾಲೆಯಲ್ಲಿ ಇರಲಾರಳು. ಕೈಯಲ್ಲಿ ದೀಪವನ್ನು ಹಿಡಿದು ಗಾಯಾಳುಗಳ ಸಾಲುಗಳ ನಡುವೆ ನಡೆಯುವ ಆಕೆಯ ಚಿತ್ರವನ್ನು ಎಲ್ಲರೂ ನೋಡಿದ್ದೇವೆ. ಆದರೆ ದೀಪದ ಕಥೆಯೇ ಪ್ರಸಿದ್ಧವಾಗಿ, ರೋಗಿಗಳೊಡನೆ ಮಾತನಾಡುವ ವಿಷಯದಲ್ಲಿ ಆಕೆಯು ಎಷ್ಟು ಸೂಕ್ಷ್ಮವಾಗಿ ಆಲೋಚಿಸಿದ್ದಳೆಂಬುದು ಮರೆಗೆ ಸಂದಿದೆ. ಸೋಲದೇವನಹಳ್ಳಿಯಲ್ಲಿಯೇ ಶುಶ್ರೂಷಾ ವಿದ್ಯೆಯನ್ನು ಕಲಿಸುವ ಕಾಲೇಜು ಇರುವುದರಿಂದ, ಮಗಳನ್ನು ಆ ವೃತ್ತಿಗೆ ಕಳುಹಿಸಬೇಕೆಂದಿರುವ ತಾಯ್ತಂದೆಗಳಿಗೆ ಈ ಸಂಗತಿಯು ಉಪಯುಕ್ತವಾದೀತು.

ಆಕೆಯು 1820ನೆಯ ಇಸವಿ ಮೇ 12ನೆಯ ತಾರೀಖು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಐಶ್ವರ್ಯವಂತರಾದ ಆಂಗ್ಲ ದಂಪತಿಗಳಿಗೆ ಜನಿಸಿದಳು. ಹುಟ್ಟಿದ ಊರಿನ ಹೆಸರನ್ನೇ ಮಗುವಿಗೆ ಇಟ್ಟರು. ತಂದೆಯು ತಾನೇ ಮಗಳಿಗೆ ಗ್ರೀಕ್, ಲ್ಯಾಟಿನ್ ಮೊದಲಾದ ಭಾಷೆಗಳನ್ನು ಕಲಿಸಿದನು. ಆ ಕಾಲದಲ್ಲಿ ದಾದಿಯ ಕೆಲಸವು ಕುಲೀನ ಸ್ತ್ರೀಯರಿಗೆ ತಕ್ಕುದಲ್ಲವೆಂಬ ಭಾವನೆಯಿದ್ದುದರಿಂದ ಮನೆಯವರು ಬಹುಕಾಲ ಒಪ್ಪಲಿಲ್ಲ. 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ಟಿನಲ್ಲಿ ಪಾದ್ರಿ ಫ್ಲೀಡ್ನರನ ಸಂಸ್ಥೆಯಲ್ಲಿ ಕೆಲವು ತಿಂಗಳು ಶಿಕ್ಷಣ ಪಡೆದಳು. 1853ರಲ್ಲಿ ಲಂಡನ್ನಿನ ಒಂದು ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಕಿಯಾದಳು. ಮರುವರ್ಷ ಅನೇಕ ದೇಶಗಳನ್ನು ಪೀಡಿಸುತ್ತಿದ್ದ ಕಾಲರಾ ವ್ಯಾಧಿಯು ಆ ನಗರದಲ್ಲಿಯೂ ಹಬ್ಬಿದಾಗ, ಮಿಡ್ಲ್‌ಸೆಕ್ಸ್ ಆಸ್ಪತ್ರೆಗೆ ಹೋಗಿ ರೋಗಿಗಳ ಶುಶ್ರೂಷೆಗೆ ನಿಂತಳು.

1854ರ ನವೆಂಬರಿನಲ್ಲಿ 38 ಮಂದಿ ದಾದಿಯರೊಡನೆ ತುರ್ಕಿಯ ಸ್ಕುಟಾರಿಯನ್ನು ಸೇರಿದಳು. ಅಲ್ಲಿ ಯುದ್ಧದ ಗಾಯಗಳಿಗಿಂತ ಕಾಲರಾ, ಆಮಶಂಕೆ, ವಿಷಮಜ್ವರಗಳಿಂದಲೇ ಹೆಚ್ಚು ಸೈನಿಕರು ಮಡಿಯುತ್ತಿದ್ದರು. ಮರಣಗಳು ತಗ್ಗಿದ ಕೀರ್ತಿಯನ್ನೆಲ್ಲ ಆಕೆಯೊಬ್ಬಳಿಗೇ ಕೊಡುವ ಪುಸ್ತಕಗಳುಂಟು. ಇದು ಪೂರ್ಣ ಸತ್ಯವಲ್ಲ. 1855ರ ಮಾರ್ಚಿಯಲ್ಲಿ ಬಂದ ಆರೋಗ್ಯ ಆಯೋಗದವರು ಚರಂಡಿಗಳನ್ನು ಶುದ್ಧಿಮಾಡಿಸಿದ ಮೇಲೆಯೇ ಮರಣದ ಪ್ರಮಾಣವು ಬಹಳವಾಗಿ ಇಳಿಯಿತು. ಆಕೆಯೇ ಮುಂದೆ ಅಂಕಿಸಂಖ್ಯೆಗಳ ಚಿತ್ರಗಳನ್ನು ಬರೆದು ಇದನ್ನು ತೋರಿಸಿಕೊಟ್ಟಳು. ಆದರೆ ಹಗಲೆಲ್ಲ ದುಡಿದು ರಾತ್ರಿ ಕುಳಿತು, ಸತ್ತವರ ತಾಯಂದಿರಿಗೂ ಹೆಂಡಿರಿಗೂ ಅವರ ಕಡೆಯ ಗಳಿಗೆಗಳ ವೃತ್ತಾಂತವನ್ನು ಸ್ವಹಸ್ತದಿಂದ ಬರೆದು ಕಳುಹಿಸಿದ ಕೀರ್ತಿಯು ಆಕೆಯದೇ.

1860ರ ಸುಮಾರಿನಲ್ಲಿ ಪ್ರಕಟವಾದ ಆಕೆಯ ಶುಶ್ರೂಷಾ ಗ್ರಂಥದಲ್ಲಿ ಗಾಳಿಬೆಳಕುಗಳ ವಿಚಾರದ ಜೊತೆಗೆ ಮಾತಿನ ವಿಚಾರವೂ ವಿಸ್ತಾರವಾಗಿದೆ. ರೋಗಿಯ ಬಾಗಿಲ ಹೊರಗೆ ನಿಂತು ವೈದ್ಯನೊಡನೆ ಪಿಸುಗುಟ್ಟುವುದನ್ನು ಆಕೆಯು ಕ್ರೌರ್ಯವೆಂದೇ ಎಣಿಸಿದಳು. ಒಳಗಿರುವವನು ತನ್ನ ವಿಷಯವೇ ಇರಬೇಕೆಂದು ಕಿವಿಗೊಟ್ಟು ಬಳಲುವನಷ್ಟೆ. ಮಾತನಾಡುವವರು ರೋಗಿಯು ಕತ್ತು ತಿರುಗಿಸದೆ ಕಾಣುವಂತೆ ಎದುರಿಗೆ ಕುಳಿತುಕೊಳ್ಳಬೇಕು. ಹಿಂದಿನಿಂದಾಗಲಿ ಬಾಗಿಲಿನಿಂದಾಗಲಿ ಕೂಗಬಾರದು. ಎಲ್ಲವೂ ಬೇಗ ಸರಿಹೋಗುವುದೆಂಬ ಬರಿಯ ಧೈರ್ಯದ ಮಾತುಗಳು ರೋಗಿಯನ್ನು ಒಂಟಿಯನ್ನಾಗಿ ಮಾಡುತ್ತವೆ. ತನ್ನ ನಿಜವಾದ ಸ್ಥಿತಿಯನ್ನು ಹೇಳಿಕೊಳ್ಳಲು ಅವನಿಗೆ ಅವಕಾಶವೇ ಉಳಿಯುವುದಿಲ್ಲ. ರಾತ್ರಿ ನಿದ್ರೆ ಚೆನ್ನಾಗಿ ಬಂತೆ ಎಂದು ಕೇಳದೆ, ಎಷ್ಟು ಹೊತ್ತು, ಯಾವ ಯಾವ ವೇಳೆಯಲ್ಲಿ ಎಂದು ಕೇಳಬೇಕು. ಉಪಾಧ್ಯಾಯಿನಿಯರಾದ ನಮಗೂ ಇದು ಅನ್ವಯಿಸುತ್ತದೆ: ಅರ್ಥವಾಯಿತೆ ಎಂದು ಕೇಳಿದರೆ ಇಡೀ ತರಗತಿಯು ಆಯಿತೆಂದೇ ಕೂಗುವುದು!

ಭಾರತಕ್ಕೆ ಆಕೆಯು ಒಮ್ಮೆಯೂ ಬರಲಿಲ್ಲ. ಆದರೂ ಇಲ್ಲಿನ ಸೈನ್ಯದ ಆರೋಗ್ಯವನ್ನು ಕುರಿತ 1863ರ ವರದಿಗಾಗಿ ದಂಡುಗಳಿಂದ ಬಂದ ಕಾಗದಗಳನ್ನು ಪರಿಶೀಲಿಸಿ, ಕುಡಿಯುವ ನೀರನ್ನು ಕೊಡುತ್ತಿದ್ದ ನಮ್ಮ ಹಲಸೂರು ಕೆರೆಗೇ ಬೆಂಗಳೂರು ಪೇಟೆಯ ಕೊಚ್ಚೆಯು ಹರಿಯುತ್ತಿದ್ದುದನ್ನು ಎತ್ತಿ ತೋರಿಸಿದಳು. 1892ರ ಸುಮಾರಿಗೆ ಇಂಗ್ಲೆಂಡಿನ ಬಕಿಂಗ್‌ಹ್ಯಾಮ್ ಪ್ರಾಂತದ ಹಳ್ಳಿಗಳಲ್ಲಿ, ವ್ಯಾಖ್ಯಾನ ಮಾಡಿ ಹೋಗುವುದರಲ್ಲಿಯೇ ತೃಪ್ತರಾಗದೆ ಮನೆಮನೆಗೆ ಹೋಗಿ ತಾಯಂದಿರೊಡನೆ ಸ್ನೇಹದಿಂದ ಮಾತನಾಡುವ ಸ್ತ್ರೀಯರನ್ನು ತರಬೇತು ಮಾಡಿಸಿದಳು. ಭಾರತದ ಹಳ್ಳಿಗಳಿಗೂ ಅಂಥವರು ಬೇಕೆಂಬುದು ಆಕೆಯ ಅಭಿಪ್ರಾಯವಾಗಿತ್ತು.

ಈ ಅಭಿಪ್ರಾಯದ ಸತ್ಯವು ಬೆಂಗಳೂರಿಗೆ ಬೇಗನೆ ತಿಳಿಯಿತು. 1898ರ ಆಗಸ್ಟಿನಲ್ಲಿ ಪ್ಲೇಗು ಕಾಲಿಟ್ಟಾಗ ಜನರು ರೋಗಕ್ಕೆ ಹೆದರಿದಷ್ಟೇ ಮನೆ ಶೋಧಿಸುವವರಿಗೂ ಹೆದರಿ ರೋಗಿಗಳನ್ನು ಮುಚ್ಚಿಡುತ್ತಿದ್ದರು. ನಂಬಿಕೆ ಹುಟ್ಟುವಂತೆ ಮಾತನಾಡುವವರಿಲ್ಲದ ಕಡೆ ಔಷಧಕ್ಕೂ ದಾರಿಯಿಲ್ಲ. ಆಕೆಯ ದ್ವಿಶತಮಾನೋತ್ಸವದ ವರ್ಷವಾದ 2020ರಲ್ಲಿ ಕೊರೋನಾ ಬಂದಾಗ ಕಷ್ಟವು ಬೇರೆ ರೂಪವನ್ನು ತಾಳಿತು. ನಮ್ಮ ದಾದಿಯರ ಮುಖವೇ ಮುಸುಕಿನೊಳಗಿತ್ತು; ಬಂಧುಗಳಿಗೆ ಒಳಗೆ ಪ್ರವೇಶವಿರಲಿಲ್ಲ. ಎದುರಿಗೆ ಕುಳಿತು, ಕಣ್ಣಿನಿಂದಲೂ ಕೈಸನ್ನೆಯಿಂದಲೂ ತಿಳಿಯಪಡಿಸಿ, ರೋಗಿಯ ಬಳಿ ಮೊಬೈಲನ್ನು ಹಿಡಿದು ಮನೆಯವರ ಮುಖವನ್ನು ತೋರಿಸಿದ ದಾದಿಯರು, ಸ್ಕುಟಾರಿಯ ಕಾಗದಗಳ ಕೆಲಸವನ್ನೇ ಮುಂದುವರಿಸಿದರೆಂದು ನನ್ನ ಎಣಿಕೆ. ಅನೇಕ ಆಸ್ಪತ್ರೆಗಳಲ್ಲಿ ಅವರು ತಮ್ಮ ನಿಲುವಂಗಿಗಳ ಮೇಲೆ ಹೆಸರನ್ನು ದಪ್ಪಕ್ಷರದಲ್ಲಿ ಬರೆದುಕೊಳ್ಳುತ್ತಿದ್ದರು.

ನೈಟಿಂಗೇಲಳು 1910ನೆಯ ಇಸವಿ ಆಗಸ್ಟ್ 13ರಂದು ತನ್ನ 90ನೆಯ ವಯಸ್ಸಿನಲ್ಲಿ ತೀರಿಕೊಂಡಳು. ವೆಸ್ಟ್‌ಮಿನ್‌ಸ್ಟರಿನ ಮಹಾದೇವಾಲಯದಲ್ಲಿ ಸಮಾಧಿಯ ಗೌರವವನ್ನು ಕುಟುಂಬದವರು ಒಲ್ಲೆವೆಂದು, ಹ್ಯಾಂಪ್‌ಷೈರಿನ ಈಸ್ಟ್ ವೆಲ್ಲೋ ಎಂಬ ಹಳ್ಳಿಯ ದೇವಾಲಯದ ಆವರಣದಲ್ಲಿ ಹೂಳಿದರು. ಅಲ್ಲಿನ ಕಲ್ಲಿನ ಮೇಲೆ ಆಕೆಯ ಹೆಸರಿನ ಎರಡು ಮೊದಲಕ್ಷರಗಳೂ ಜನನ ಮರಣಗಳ ಕಾಲವೂ ಮಾತ್ರವೇ ಇವೆ.