ಪಂಪನ ದಾರಿ ಹಿಡಿದ ಮುಧೋಳದ ರನ್ನ

ಸಾವಳಗಿಯಿಂದ ಜಮಖಂಡಿ ದಾಟಿ ಮುಧೋಳಕ್ಕೆ ಹೋಗುವ ನಮಗೆ ಅದು ಸಕ್ಕರೆ ಕಾರ್ಖಾನೆಯ ಊರು, ಬೇಟೆನಾಯಿಯ ಊರು. ಸಾವಿರ ವರ್ಷಗಳ ಹಿಂದೆ ಅದರ ಹೆಸರು ಮುದುವೊಳಲು. ಕ್ರಿ.ಶ. 949ರಲ್ಲಿ ಅಲ್ಲಿಯ ಬಳೆಗಾರರ ಮನೆಯಲ್ಲಿ ರನ್ನ ಹುಟ್ಟಿದ. ತಂದೆ ಜಿನವಲ್ಲಭೇಂದ್ರ, ತಾಯಿ ಅಬ್ಬಲಬ್ಬೆ. ತನ್ನ ಊರಿನ ಗುರುತು ಹೇಳುವಾಗ ಆತ ಜಂಬುಖಂಡಿ ಎಪ್ಪತ್ತು ಎಂಬ ನಾಡನ್ನೂ ಹೆಸರಿಸಿದ್ದಾನೆ. ಅದೇ ನಮ್ಮ ಜಮಖಂಡಿ. ಹೀಗಾಗಿ ರನ್ನ ನಮ್ಮ ಸೀಮೆಯವನೆಂದು ಹೇಳಿಕೊಳ್ಳುವುದರಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ.

ಬಳೆ ಮಾರುವ ಮನೆತನದ ಹುಡುಗನಿಗೆ ಕಾವ್ಯ ಅಪ್ಪನಿಂದ ಬಂದ ಕಸುಬಲ್ಲ. ಕಲಿಸುವವರನ್ನೂ ಮಾದರಿಯಾಗುವವರನ್ನೂ ಆತ ಹೊರಗೇ ಹುಡುಕಬೇಕಾಯಿತು. ವಿದ್ಯೆಗೆ ಅಜಿತಸೇನಾಚಾರ್ಯರು ದೊರೆತರು. ಆಶ್ರಯಕ್ಕೆ ಗಂಗರ ಮಂತ್ರಿ ಚಾವುಂಡರಾಯ ದೊರೆತ. ಈ ಚಾವುಂಡರಾಯ ಯುದ್ಧ ಗೆದ್ದವನು, ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದವನು, 978ರಲ್ಲಿ ಪುರಾಣವನ್ನೂ ಬರೆದವನು. ಮುಂದೆ ದಂಡನಾಯಕ ನಾಗದೇವನ ಹೆಂಡತಿ ಅತ್ತಿಮಬ್ಬೆ ರನ್ನನಿಂದ ಅಜಿತಪುರಾಣ ಬರೆಸಿದಳು. ಅದು ಮುಗಿದದ್ದು 993ರಲ್ಲಿ. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದ ಮಹಾತಾಯಿ ಆಕೆ. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಒಂದೊಂದು ಗರಿಯನ್ನೂ ಕೈಯಿಂದಲೇ ಬರೆಯಬೇಕಿತ್ತೆಂಬುದನ್ನು ನೆನೆದರೆ ಆ ಸಾವಿರದ ತೂಕ ತಿಳಿಯುತ್ತದೆ. ರನ್ನ ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟ.

ಆದರೆ ಕಾವ್ಯದ ಕೆಲಸದಲ್ಲಿ ಆತ ಕಣ್ಣಿಟ್ಟದ್ದು ಪಂಪನ ಮೇಲೆ. ರನ್ನ ಹುಟ್ಟುವ ಹೊತ್ತಿಗೆ ಪಂಪನ ಆದಿಪುರಾಣ ಸಿದ್ಧವಾಗಿ ಎಂಟು ವರ್ಷಗಳಾಗಿದ್ದವು. ಪಂಪ ಧರ್ಮಕ್ಕೊಂದು, ಲೋಕಕ್ಕೊಂದು ಎಂದು ಎರಡು ಕಾವ್ಯ ಬರೆದಿದ್ದ. ರನ್ನನೂ ಅಜಿತಪುರಾಣ ಮತ್ತು ಗದಾಯುದ್ಧಗಳನ್ನು ಬರೆದ. ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡಂತೆ, ರನ್ನ ಚಾಳುಕ್ಯರ ಸತ್ಯಾಶ್ರಯನನ್ನು ಭೀಮನಲ್ಲಿ ಕಂಡ. ಪಂಪನ ಮಾತುಗಳ ನೆರಳೂ ಅಲ್ಲಲ್ಲಿ ಬೀಳುತ್ತದೆ. ಇಷ್ಟನ್ನೇ ನೋಡಿದವರು ಅನುಕರಣೆ ಎಂದು ಬಿಟ್ಟಾರು. ನಾನೂ ವಿದ್ಯಾರ್ಥಿಯಾಗಿದ್ದಾಗ ಹಾಗೆಯೇ ತಿಳಿದಿದ್ದೆ.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದಾಗ ಬೇರೆಯೇ ಸಂಗತಿ ಕಾಣಿಸಿತು. ಪಂಪ ಇಡೀ ಭಾರತವನ್ನು ಹದಿನಾಲ್ಕು ಆಶ್ವಾಸಗಳಲ್ಲಿ ಹೇಳಿದ. ಅದನ್ನೇ ಮತ್ತೆ ಹೇಳಿದ್ದರೆ ರನ್ನ ಪಂಪನ ಹಿಂದೆಯೇ ಉಳಿಯುತ್ತಿದ್ದ. ಆತ ಹದಿಮೂರನೆಯ ಆಶ್ವಾಸದ ಗದಾಯುದ್ಧವೊಂದನ್ನೇ ಎತ್ತಿಕೊಂಡು ಹತ್ತು ಆಶ್ವಾಸಗಳಿಗೆ ಬೆಳೆಸಿದ. ಹಿಂದಿನ ಕಥೆಯನ್ನೆಲ್ಲ ಸಿಂಹ ತಿರುಗಿ ನೋಡುವಂತೆ ನಡುನಡುವೆ ನೆನಪಿಸುತ್ತ ಹೋದ. ಸಂಸ್ಕೃತದ ವೇಣೀಸಂಹಾರ ನಾಟಕದಿಂದಲೂ ಕಲಿತ. ಅದಕ್ಕೇ ಅವನ ಕಾವ್ಯ ಓದುವಾಗ ಬಯಲಾಟ ನೋಡಿದಂತಾಗುತ್ತದೆ.

ಕಥಾನಾಯಕ ಭೀಮ, ಕೊನೆಗೆ ದ್ರೌಪದಿಯೊಡನೆ ಪಟ್ಟವೇರುವವನೂ ಅವನೇ. ಆದರೆ ಓದಿದವರ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ಎಲ್ಲ ಕಳೆದುಕೊಂಡ ಅರಸ ಸಂಜಯನೊಡನೆ ಹೆಣಗಳ ನಡುವೆ ನಡೆಯುತ್ತಾನೆ. ಮಗ ಲಕ್ಷಣಕುಮಾರನ ಎದುರು ನಿಂತು, ಮಗ ತಂದೆಗೆ ಬಿಡಬೇಕಾದ ತರ್ಪಣವನ್ನು ತಂದೆ ಮಗನಿಗೆ ಬಿಡುವಂತಾಯಿತಲ್ಲ ಎಂದು ಮರುಗುತ್ತಾನೆ. ವೈರಿಯ ಮಗ ಅಭಿಮನ್ಯುವನ್ನು ಕಂಡು ಕೈಮುಗಿದು, ತನಗೂ ಅಂಥದೇ ಸಾವು ಬರಲೆಂದು ಬೇಡುತ್ತಾನೆ. ಭೀಮನ ಕೂಗು ಕೇಳಿದಾಗ ಸರೋವರದ ತಣ್ಣೀರಿನಲ್ಲಿದ್ದೂ ಸಿಟ್ಟಿನಿಂದ ಬೆವರುತ್ತಾನೆ. ದೊರೆಯನ್ನು ಹೊಗಳಲು ಬರೆದ ಕಾವ್ಯದಲ್ಲಿ ಎದುರಾಳಿಯನ್ನು ಇಷ್ಟು ಎತ್ತರಕ್ಕೆ ನಿಲ್ಲಿಸಲು ಎದೆಗಾರಿಕೆ ಬೇಕು.

ರನ್ನನಿಗೆ ಜಂಬವೂ ಇತ್ತು, ಮುಚ್ಚಿಡುವುದೇಕೆ? ಸರಸ್ವತಿಯ ಭಂಡಾರದ ಮುದ್ರೆ ಒಡೆದವನು ತಾನೆಂದು ಹೇಳಿಕೊಂಡ. ಆದರೂ ಜೈನಕವಿಗಳ ಸಾಲು ಹೇಳುವಾಗ ಪಂಪ, ಪೊನ್ನ ಎಂದ ಮೇಲೆಯೇ ತನ್ನ ಹೆಸರು ಇಟ್ಟುಕೊಂಡ. ತೈಲಪ ಚಕ್ರವರ್ತಿಯ ಕಾಲದಲ್ಲಿ ಕವಿಚಕ್ರವರ್ತಿ ಎಂಬ ಬಿರುದೂ ಬಂತು. ಶಾಲೆಯ ಪ್ರವಾಸದಲ್ಲಿ ಶ್ರವಣಬೆಳಗೊಳಕ್ಕೆ ಹೋಗುವ ಮಕ್ಕಳು ದೊಡ್ಡಬೆಟ್ಟ ಹತ್ತಿ ಗೊಮ್ಮಟನನ್ನು ನೋಡಿ ಇಳಿದುಬಿಡುತ್ತಾರೆ. ಎದುರಿನ ಚಿಕ್ಕಬೆಟ್ಟವನ್ನೂ ಹತ್ತಬೇಕು. ಅಲ್ಲಿಯ ಬಂಡೆಯ ಮೇಲೆ ಕವಿರತ್ನ ಎಂಬ ಹೆಸರು ಕೊರೆದಿದೆ.