ಎಲ್ಲಿ ಸಿಕ್ಕಿತು ಎಂದು ಕೇಳಿದ ವ್ಯಾಲೇಸ್

ಮಕ್ಕಳೇ, ನಿಮ್ಮಲ್ಲಿ ಎಷ್ಟು ಜನ ನಮ್ಮ ಸಿಂಗಪುರದ ಬುಕಿಟ್ ತಿಮಾ ಗುಡ್ಡ ಹತ್ತಿದ್ದೀರಿ? ಹೆಚ್ಚು ಕಡಿಮೆ ಎಲ್ಲರೂ ಹತ್ತಿರ್ತೀರಿ, ಅಲ್ವಾ? 1854ರಲ್ಲಿ ಅದೇ ಕಾಡಿನಲ್ಲಿ ಕನ್ನಡಕ ಹಾಕಿದ ಎತ್ತರದ ಮನುಷ್ಯರೊಬ್ಬರು ಬಲೆ ಹಿಡಿದು ಜೀರುಂಡೆ ಹುಡುಕುತ್ತಾ ಓಡಾಡುತ್ತಿದ್ದರು. ಆಗ ಅಲ್ಲಿ ಹುಲಿಗಳಿದ್ದವು! ಹುಲಿ ಬೀಳಲಿ ಅಂತ ಜನ ತೋಡಿದ್ದ ಗುಂಡಿಗಳಿಗೆ ಅವರೇ ಎಷ್ಟೋ ಸಲ ಬೀಳೋದರಲ್ಲಿದ್ದರು. ಅವರ ಹೆಸರು ಆಲ್ಫ್ರೆಡ್ ರಸೆಲ್ ವ್ಯಾಲೇಸ್.

ಹೊಸ ಹೊಸ ಜೀವಜಾತಿಗಳು ಹೇಗೆ ಹುಟ್ಟುತ್ತವೆ? ಇದಕ್ಕೆ ಉತ್ತರ ಕಂಡುಹಿಡಿದವರು ಚಾರ್ಲ್ಸ್ ಡಾರ್ವಿನ್ ಅಂತ ನೀವು ಓದಿರ್ತೀರಿ. ಅದೇ ಉತ್ತರವನ್ನು ತಾವಾಗಿಯೇ ಕಂಡುಕೊಂಡ ಇನ್ನೊಬ್ಬರು ಈ ವ್ಯಾಲೇಸ್. ಅವರ ಕಥೆ ಕೇಳಿ.

ವ್ಯಾಲೇಸ್ ಹುಟ್ಟಿದ್ದು 1823ರ ಜನವರಿ 8ರಂದು, ವೇಲ್ಸ್‌ನ ಉಸ್ಕ್ ಊರಿನ ಹತ್ತಿರ. ಮನೆಯಲ್ಲಿ ದುಡ್ಡಿನ ತಾಪತ್ರಯ. ಸುಮಾರು 14ನೇ ವಯಸ್ಸಿಗೇ ಶಾಲೆ ಬಿಡಬೇಕಾಯಿತು. ಅಣ್ಣನ ಜೊತೆ ಜಮೀನು ಅಳೆಯುವ ಸರ್ವೇ ಕೆಲಸಕ್ಕೆ ಸೇರಿದರು. ಹೊಲ, ಗುಡ್ಡ ಸುತ್ತುತ್ತಾ ಗಿಡಗಳ ಹೆಸರು ಕಲಿತರು. ಮುಂದೆ ಲೆಸ್ಟರ್ ಊರಿನಲ್ಲಿ ಮೇಷ್ಟರಾಗಿದ್ದಾಗ ಹೆನ್ರಿ ಬೇಟ್ಸ್ ಎಂಬ ಗೆಳೆಯ ಸಿಕ್ಕರು. ಬೇಟ್ಸ್ ಜೀರುಂಡೆಗಳ ಹುಚ್ಚು ಹತ್ತಿಸಿಬಿಟ್ಟರು! ಕಾಲೇಜಿಗೆ ಹೋಗಿ ಪದವಿ ಪಡೆಯುವ ಅವಕಾಶ ವ್ಯಾಲೇಸ್‌ಗೆ ಸಿಗಲೇ ಇಲ್ಲ. ಪುಸ್ತಕ ಮತ್ತು ಕಾಡು, ಇವೇ ಅವರ ಕಾಲೇಜು.

1848ರಲ್ಲಿ ಇಬ್ಬರೂ ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿಗೆ ಹೊರಟರು. ಹಕ್ಕಿ, ಚಿಟ್ಟೆ, ಜೀರುಂಡೆ ಹಿಡಿದು ಲಂಡನ್ನಿಗೆ ಕಳಿಸಿ, ಮಾರಿ ಬಂದ ಹಣದಲ್ಲಿ ಜೀವನ. ಅಲ್ಲಿ ವ್ಯಾಲೇಸ್ ಒಂದು ವಿಚಿತ್ರ ಗಮನಿಸಿದರು. ದೊಡ್ಡ ನದಿಯ ಈ ದಡದಲ್ಲಿ ಒಂದು ಬಗೆಯ ಕೋತಿ, ಆ ದಡದಲ್ಲಿ ಬೇರೆ ಬಗೆಯ ಕೋತಿ. ಕಾಡು ಅದೇ, ಮಳೆ ಅದೇ, ಬಿಸಿಲೂ ಅದೇ. ಹಾಗಾದರೆ ಕೋತಿ ಯಾಕೆ ಬೇರೆ? ಆಗಿನ ಎಷ್ಟೋ ಸಂಗ್ರಹಗಳಲ್ಲಿ ಪ್ರಾಣಿ ಸಿಕ್ಕಿದ್ದು ಅಮೆಜಾನ್ ಅಂತ ಮಾತ್ರ ಬರೆದಿರುತ್ತಿತ್ತು. ಯಾವ ದಡ ಅಂತ ಯಾರೂ ಬರೆಯುತ್ತಿರಲಿಲ್ಲ. ಎಲ್ಲಿ ಸಿಕ್ಕಿತು ಎಂಬ ಸಣ್ಣ ಪ್ರಶ್ನೆಯೇ ಬಹಳ ದೊಡ್ಡದು ಅಂತ ವ್ಯಾಲೇಸ್‌ಗೆ ಹೊಳೆಯಿತು.

ಆದರೆ ಕಷ್ಟಗಳು ಒಂದರ ಹಿಂದೆ ಒಂದು ಬಂದವು. ಸಹಾಯಕ್ಕೆ ಬಂದಿದ್ದ ತಮ್ಮ ಹರ್ಬರ್ಟ್ 1851ರಲ್ಲಿ ಹಳದಿ ಜ್ವರದಿಂದ ತೀರಿಕೊಂಡರು. 1852ರಲ್ಲಿ ಊರಿಗೆ ಮರಳುವಾಗ ನಡುಸಮುದ್ರದಲ್ಲಿ ಹಡಗಿಗೇ ಬೆಂಕಿ ಬಿತ್ತು. ಅದರಲ್ಲಿದ್ದ ಸಂಗ್ರಹ, ಟಿಪ್ಪಣಿ ಎಲ್ಲ ಕಣ್ಣೆದುರೇ ಸುಟ್ಟುಹೋಯಿತು. ಉಳಿದದ್ದು ಒಂದು ತಗಡಿನ ಪೆಟ್ಟಿಗೆ, ಕೆಲವು ಚಿತ್ರಗಳು. ಹತ್ತು ದಿನ ಸಣ್ಣ ದೋಣಿಯಲ್ಲಿ ತೇಲಿದ ಮೇಲೆ ಇನ್ನೊಂದು ಹಡಗು ಬಂದು ಕಾಪಾಡಿತು.

ನೀವಾಗಿದ್ದರೆ ಏನು ಮಾಡ್ತಿದ್ರಿ? ಸಾಕಪ್ಪಾ ಅಂತ ಮನೇಲಿ ಕೂತ್ಕೊಳ್ತಿದ್ರಾ? ವ್ಯಾಲೇಸ್ ಕೂರಲಿಲ್ಲ. ಸಂಗ್ರಹ ಸುಟ್ಟಿತ್ತು, ಪ್ರಶ್ನೆ ಸುಟ್ಟಿರಲಿಲ್ಲ. ಎರಡೇ ವರ್ಷದಲ್ಲಿ ಸಿಂಗಪುರಕ್ಕೆ ಬಂದಿಳಿದರು. ಬುಕಿಟ್ ತಿಮಾದಲ್ಲಿ ಸುಮಾರು ಎರಡು ತಿಂಗಳಲ್ಲಿ 700 ಬಗೆಯ ಜೀರುಂಡೆ ಸಿಕ್ಕವು! ಅಲ್ಲಿ ಮರ ಕಡಿಯುವವರು ಬಿಟ್ಟುಹೋದ ತೊಗಟೆ, ಒಣ ಕಟ್ಟಿಗೆಯೇ ಜೀರುಂಡೆಗಳಿಗೆ ಊಟ.

ಅಲ್ಲಿಂದ ಎಂಟು ವರ್ಷ ದ್ವೀಪದಿಂದ ದ್ವೀಪಕ್ಕೆ ಅಲೆದಾಟ. ಒಟ್ಟು 1,25,660 ಮಾದರಿಗಳು. ಈ ಸಲ ಮಾದರಿಗಳ ಚೀಟಿಯಲ್ಲಿ ದ್ವೀಪದ ಹೆಸರು! ಇಷ್ಟೆಲ್ಲ ಒಬ್ಬರೇ ಮಾಡಲಿಲ್ಲ, ನೆನಪಿರಲಿ. ಸರವಾಕ್‌ನ ಅಲಿ ಎಂಬ ಹುಡುಗ ಅಡುಗೆಗೆ ಸೇರಿ, ಹಕ್ಕಿಗಳ ಕೆಲಸವನ್ನೆಲ್ಲ ಕಲಿತು ಅವರ ಬಲಗೈ ಆದ. ವ್ಯಾಲೇಸ್ ಹೆಸರು ಹೊತ್ತ ಸ್ವರ್ಗದ ಹಕ್ಕಿಯನ್ನು ಮೊದಲು ತಂದುಕೊಟ್ಟವನೇ ಅಲಿ.

1856ರಲ್ಲಿ ಬಾಲಿಯಿಂದ ಲೊಂಬೊಕ್‌ಗೆ ದಾಟಿದರು. ನಡುವೆ ಸಮುದ್ರ ಸುಮಾರು 35 ಕಿಲೋಮೀಟರ್ ಅಷ್ಟೇ. ಆದರೆ ಬಾಲಿಯಲ್ಲಿ ಏಷ್ಯಾದ ಮರಕುಟಿಗಗಳು, ಲೊಂಬೊಕ್‌ನಲ್ಲಿ ಆಸ್ಟ್ರೇಲಿಯಾ ಕಡೆಯ ಕಾಕಟೂ ಗಿಳಿಗಳು! ಯಾಕೆ ಗೊತ್ತಾ? ಹಿಮಯುಗದಲ್ಲಿ ಸಮುದ್ರ ತಗ್ಗಿದಾಗ ಬಾಲಿ ಏಷ್ಯಾಕ್ಕೆ ಅಂಟಿಕೊಂಡಿತ್ತು. ಲೊಂಬೊಕ್ ಪಕ್ಕದ ಕಡಲು ತುಂಬಾ ಆಳ, ಅದು ಬತ್ತಲಿಲ್ಲ. ಈ ಗಡಿಗೆ ಇಂದಿಗೂ ವ್ಯಾಲೇಸ್ ರೇಖೆ ಎನ್ನುತ್ತಾರೆ.

1858ರಲ್ಲಿ ಇಂಡೊನೇಷ್ಯಾದ ಪೂರ್ವ ಭಾಗದಲ್ಲಿರುವ ಮಸಾಲೆ ದ್ವೀಪಗಳಲ್ಲಿದ್ದಾಗ ಜ್ವರ ಬಂತು. ನಡುಗುತ್ತಾ ಮಲಗಿದ್ದಾಗ ತಲೆಯಲ್ಲಿ ಒಂದೇ ಯೋಚನೆ. ಹಕ್ಕಿಗಳು ಪ್ರತಿ ವರ್ಷ ಅಷ್ಟೊಂದು ಮರಿ ಮಾಡಿದರೂ ಪ್ರಪಂಚ ಹಕ್ಕಿಗಳಿಂದಲೇ ತುಂಬಿಹೋಗೋದಿಲ್ಲ, ಯಾಕೆ? ಹೆಚ್ಚಿನವು ಸಾಯುತ್ತವೆ. ಉಳಿಯುವವು ಯಾವುವು? ಆ ಜಾಗಕ್ಕೆ ಸ್ವಲ್ಪ ಹೆಚ್ಚು ಹೊಂದುವ ಗುಣ ಇದ್ದವು. ಆ ಗುಣ ಮರಿಗಳಿಗೂ ಬರುತ್ತದೆ. ಸಾವಿರಾರು ತಲೆಮಾರು ಹೀಗೇ ನಡೆದರೆ ಹೊಸ ಜಾತಿಯೇ ಆಗುತ್ತದೆ!

ಜ್ವರ ಇಳಿದ ಮೇಲೆ ಇದನ್ನು ಬರೆದು ಡಾರ್ವಿನ್‌ಗೇ ಕಳಿಸಿದರು. ಡಾರ್ವಿನ್ ಬೆಚ್ಚಿಬಿದ್ದರು. ಸುಮಾರು 20 ವರ್ಷದಿಂದ ಅವರು ಪ್ರಕಟಿಸದೆ ಇಟ್ಟುಕೊಂಡಿದ್ದ ವಿಚಾರವೂ ಅದೇ! ಗೆಳೆಯರು 1858ರ ಜುಲೈ 1ರಂದು ಲಂಡನ್ನಿನ ಲಿನ್ನಿಯನ್ ಸೊಸೈಟಿಯಲ್ಲಿ ಇಬ್ಬರ ಬರಹವನ್ನೂ ಓದಿಸಿದರು. ದೂರದಲ್ಲಿದ್ದ ವ್ಯಾಲೇಸ್‌ರನ್ನು ಯಾರೂ ಕೇಳಲಿಲ್ಲ. ಮರುವರ್ಷ ಡಾರ್ವಿನ್ ಪುಸ್ತಕ ಬಂತು, ಹೆಸರು ಅವರದೇ ಆಯಿತು.

ಇದು ಸರಿಯಾ? ಮನೇಲಿ ಅಪ್ಪ ಅಮ್ಮನ ಜೊತೆ ಮಾತಾಡಿ ನೋಡಿ. ವ್ಯಾಲೇಸ್ ಮಾತ್ರ ಜಗಳ ಆಡಲಿಲ್ಲ. ತಮ್ಮ ಪ್ರವಾಸದ ದೊಡ್ಡ ಪುಸ್ತಕವನ್ನು 1869ರಲ್ಲಿ ಡಾರ್ವಿನ್‌ಗೇ ಅರ್ಪಿಸಿದರು. 1882ರಲ್ಲಿ ಡಾರ್ವಿನ್ ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅವರೂ ಒಬ್ಬರು. 90 ವರ್ಷ ಬಾಳಿ 1913ರ ನವೆಂಬರ್ 7ರಂದು ತೀರಿಕೊಂಡರು.

ಮುಂದಿನ ಸಲ ಬುಕಿಟ್ ತಿಮಾಗೆ ಹೋದಾಗ ಪಕ್ಕದ ಡೈರಿ ಫಾರ್ಮ್ ಪಾರ್ಕಿನಲ್ಲಿ ವ್ಯಾಲೇಸ್ ಹೆಸರಿನ ಕಾಲುದಾರಿ ಇದೆ, ನಡೆದು ಬನ್ನಿ. ಜೇಬಲ್ಲಿ ಒಂದು ಪುಟ್ಟ ನೋಟ್‌ಬುಕ್ ಇರಲಿ. ಜೀರುಂಡೆ ಕಂಡರೆ ಹಿಡಿಯಬೇಡಿ, ನೋಡಿ ಚಿತ್ರ ಬರೆಯಿರಿ. ಅದರ ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಎಲ್ಲಿ ಕಂಡಿತು ಅಂತ ಮಾತ್ರ ಮರೀದೆ ಬರ್ಕೊಳ್ಳಿ!